ಸಾಲದ ಕಂತು, ಸುದ್ದಿಯ ಕಂತು

ಓದುಗರ ಪ್ರಶ್ನೆ – ಓದು ಮತ್ತು ಉದ್ಯೋಗ

ಈ ಸಂಚಿಕೆಗೆ ಆಯ್ದುಕೊಂಡ ಪತ್ರಗಳೆಲ್ಲ ಎಂ.ಬಿ.ಎ. ಓದುತ್ತಿರುವವರವು, ಒಂದು ಮಾತ್ರ ಅಂಥ ಒಬ್ಬರ ಮನೆಯ ಹಿರಿಯರದು. ಹೆಸರು ಹಾಕಬೇಡಿ ಎಂದು ಇಬ್ಬರು ಕೇಳಿಕೊಂಡಿರುವುದರಿಂದ ಯಾರ ಹೆಸರನ್ನೂ ಹಾಕದೆ ಊರನ್ನಷ್ಟೇ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು ಹರಿಹರದ ಹತ್ತಿರದ ಹಳ್ಳಿಯವಳು. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಬಿ.ಕಾಂ. ಮುಗಿಸಿ, ಪಿಜಿಸಿಇಟಿ ಬರೆದು ಬೆಂಗಳೂರಿನಲ್ಲಿ ಎಂ.ಬಿ.ಎ.ಗೆ ಸೇರಿದ್ದೇನೆ. ಜಯನಗರದ ಪಿ.ಜಿ.ಯ ಒಂದು ಕೋಣೆಯಲ್ಲಿ ಮೂವರಿದ್ದೇವೆ. ಏಳು ಗಂಟೆಯ ಮೇಲೆ ಬಿಸಿನೀರು ಬರುವುದಿಲ್ಲವಾದ್ದರಿಂದ ಐದೂವರೆಗೇ ಏಳಬೇಕು. ಆರ್.ವಿ. ರಸ್ತೆ ನಿಲ್ದಾಣದಿಂದ ಹಳದಿ ಮಾರ್ಗದ ಮೆಟ್ರೊದಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಡೆ ಹೋಗುವಾಗ ನಿಂತುಕೊಂಡೇ ಮೊಬೈಲಿನಲ್ಲಿ ಸುದ್ದಿ ಓದುತ್ತೇನೆ. ಮೊದಲ ತರಗತಿಯ ಹತ್ತು ನಿಮಿಷ ‘ಇವತ್ತಿನ ಸುದ್ದಿ ಏನು’ ಎಂದು ಮೇಷ್ಟ್ರು ಕೇಳುತ್ತಾರೆ. ಸಂಜೆ ಅಸೈನ್‌ಮೆಂಟ್, ಪಿಪಿಟಿ. ರಾತ್ರಿ ಹನ್ನೊಂದರವರೆಗೆ ಮರುದಿನದ ಕೇಸ್. ಬೆಳಿಗ್ಗೆ ಓದಿದ ಸುದ್ದಿ ಸಂಜೆಗೆ ಮರೆತಿರುತ್ತದೆ. 2025ರ ಡಿಸೆಂಬರ್‌ನಲ್ಲಿ ರೆಪೊ ದರ ಇಳಿದ ಸುದ್ದಿಯನ್ನು ತರಗತಿಯಲ್ಲಿ ನಾನೇ ಮೊದಲು ಹೇಳಿ ಶಹಬ್ಬಾಸ್ ಅನ್ನಿಸಿಕೊಂಡೆ. ಆ ಭಾನುವಾರ ಅಪ್ಪ ಫೋನ್ ಮಾಡಿ, “ರಿಸರ್ವ್ ಬ್ಯಾಂಕಿನೋರು ಬಡ್ಡಿ ಇಳಿಸ್ಯಾರಂತಲ್ಲವ್ವಾ, ಮತ್ತ ನಮ್ಮ ಮನಿ ಸಾಲದ ಕಂತು ಯಾಕ ಇಳಿದಿಲ್ಲ?” ಎಂದು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಸುದ್ದಿಯನ್ನು ಹೇಗೆ ಓದಬೇಕು? – ಹರಿಹರ ತಾಲ್ಲೂಕಿನ ವಿದ್ಯಾರ್ಥಿನಿ

ಉತ್ತರ: ನಿಮ್ಮ ಮೇಷ್ಟ್ರ ಪ್ರಶ್ನೆಗಿಂತ ಅಪ್ಪನ ಪ್ರಶ್ನೆ ಕಠಿಣವಾದದ್ದು. ಆದ್ದರಿಂದ ಮೊದಲು ಅದನ್ನು ನೋಡೋಣ. ನೀವು ಕೇಳಿದ್ದಕ್ಕೆ ಉತ್ತರವೂ ಅದರೊಳಗೇ ಸಿಗಬಹುದು.

ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಅಲ್ಪಾವಧಿಗೆ ಹಣ ಕೊಡುವಾಗ ಹಾಕುವ ಬಡ್ಡಿಯೇ ರೆಪೊ ದರ. ಆರು ಜನರ ಹಣಕಾಸು ನೀತಿ ಸಮಿತಿ ಎರಡು ತಿಂಗಳಿಗೊಮ್ಮೆ ಸೇರಿ ಅದನ್ನು ತೀರ್ಮಾನಿಸುತ್ತದೆ. 2025ರ ಆರಂಭದಲ್ಲಿ ಶೇ 6.5 ಇದ್ದ ದರ ಫೆಬ್ರುವರಿಯಲ್ಲಿ 6.25ಕ್ಕೆ, ಏಪ್ರಿಲ್‌ನಲ್ಲಿ 6ಕ್ಕೆ, ಜೂನ್‌ನಲ್ಲಿ 5.5ಕ್ಕೆ ಇಳಿದು ಡಿಸೆಂಬರ್ 5ರಂದು 5.25ಕ್ಕೆ ಬಂತು. ನೀವು ತರಗತಿಯಲ್ಲಿ ಹೇಳಿದ್ದು ಇಷ್ಟು, ಅಂದರೆ ಸುದ್ದಿಯ ಮೊದಲ ಕಂತು. ಅಪ್ಪ ಕೇಳಿದ್ದು ಎರಡನೆಯ ಕಂತನ್ನು, ಅದು ಮುಖಪುಟದಲ್ಲಿ ಬರುವುದು ಅಪರೂಪ.

ಸಾಲವನ್ನು ಯಾವ ಗೂಟಕ್ಕೆ ಕಟ್ಟಿದ್ದಾರೆ ಎಂಬುದರ ಮೇಲೆ ಅದು ಎಷ್ಟು ದೂರ ಅಲ್ಲಾಡಬಲ್ಲದು ಎಂಬುದು ನಿಂತಿದೆ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಬದಲಾಗುವ ಬಡ್ಡಿಯ ಹೊಸ ಗೃಹಸಾಲಗಳನ್ನು ರೆಪೊ ದರದಂಥ ಹೊರಗಿನ ಒಂದು ದರಕ್ಕೆ ಕಟ್ಟಬೇಕು ಮತ್ತು ಕನಿಷ್ಠ ಮೂರು ತಿಂಗಳಿಗೊಮ್ಮೆ ಬಡ್ಡಿಯನ್ನು ಪರಿಷ್ಕರಿಸಬೇಕು ಎಂಬ ನಿಯಮವಿದೆ. ಅದಕ್ಕೂ ಮೊದಲಿನ, 2016ರ ಏಪ್ರಿಲ್‌ನಿಂದ ಜಾರಿಗೆ ಬಂದ ಎಂಸಿಎಲ್‌ಆರ್ ಪದ್ಧತಿಯ ಸಾಲವಾಗಿದ್ದರೆ, ಆ ದರವನ್ನು ಬ್ಯಾಂಕು ತನ್ನ ಠೇವಣಿಗಳ ಖರ್ಚು ನೋಡಿಕೊಂಡು ನಿಗದಿಪಡಿಸುವುದರಿಂದ ಇಳಿಕೆ ಅಲ್ಲಿಗೆ ನಿಧಾನವಾಗಿ, ಅದೂ ಅರೆಬರೆಯಾಗಿ ತಲುಪುತ್ತದೆ. ಸಾಲ ಗೃಹಸಾಲ ಕಂಪನಿಯದೋ ಊರಿನ ಸಹಕಾರ ಸಂಘದ್ದೋ ಆಗಿದ್ದರೆ 2019ರ ನಿಯಮ ಅವರನ್ನು ಕಟ್ಟಿಹಾಕುವುದಿಲ್ಲ. ಸ್ಥಿರ ಬಡ್ಡಿಯ ಸಾಲವಂತೂ ರೆಪೊ ಏನಾದರೂ ಕದಲುವುದಿಲ್ಲ.

ಗೂಟ ಸರಿಯಾಗಿದ್ದೂ ಕಂತು ಹಾಗೇ ಉಳಿಯುವ ಇನ್ನೊಂದು ಸಂದರ್ಭವಿದೆ, ಬ್ಯಾಂಕಿನ ಕೌಂಟರಿನ ಹಿಂದೆ ಮೂವತ್ತು ವರ್ಷ ಕುಳಿತ ನಾನು ಅದನ್ನು ಎಷ್ಟು ಜನರಿಗೆ ಬಿಡಿಸಿ ಹೇಳಿದ್ದೇನೋ ಲೆಕ್ಕವಿಲ್ಲ. ಬಡ್ಡಿ ಇಳಿದಾಗ ಬ್ಯಾಂಕುಗಳು ಸಾಮಾನ್ಯವಾಗಿ ಕಂತನ್ನು ಮುಟ್ಟದೆ ಅವಧಿಯನ್ನು ಕಡಿಮೆ ಮಾಡುತ್ತವೆ. 20 ಲಕ್ಷ ರೂಪಾಯಿಯ 20 ವರ್ಷದ ಸಾಲ ಎಂದಿಟ್ಟುಕೊಳ್ಳಿ. ಶೇ 8.5ರ ಬಡ್ಡಿಯಲ್ಲಿ ತಿಂಗಳ ಕಂತು 17,356 ರೂಪಾಯಿ ಬರುತ್ತದೆ. ಸಾಲದ ಆರಂಭದಲ್ಲೇ, ರೆಪೊ 6.5ರಿಂದ 5.25ಕ್ಕೆ ಬಂದ ಒಂದೂಕಾಲು ಅಂಶದ ಇಳಿಕೆ ಪೂರ್ತಿ ಸಿಕ್ಕಿ ಬಡ್ಡಿ 7.25 ಆಯಿತೆಂದರೆ ಕಂತು 15,808ಕ್ಕೆ ಇಳಿಯಬೇಕು. ಕಂತನ್ನು ಹಳೆಯ 17,356ರಲ್ಲೇ ಇಟ್ಟರೆ 240 ತಿಂಗಳ ಸಾಲ ಸುಮಾರು 198 ತಿಂಗಳಿಗೇ ತೀರುತ್ತದೆ. ಹೆಚ್ಚುಕಡಿಮೆ ಮೂರೂವರೆ ವರ್ಷ ಉಳಿಯಿತು. ಆದರೆ ತಿಂಗಳ ಐದನೆಯ ತಾರೀಖು ಖಾತೆಯಿಂದ ಹೋಗುವ ಮೊತ್ತ ಅಷ್ಟೇ ಇರುವುದರಿಂದ ‘ಏನೂ ಇಳಿದಿಲ್ಲ’ ಎಂದು ಮನೆಯವರಿಗೆ ಅನ್ನಿಸುತ್ತದೆ. ಅಪ್ಪನ ಮಂಜೂರಾತಿ ಪತ್ರವನ್ನೂ ಸಾಲದ ಖಾತೆಯ ಸ್ಟೇಟ್‌ಮೆಂಟನ್ನೂ ಮೊಬೈಲಿನಲ್ಲಿ ಫೋಟೊ ತೆಗೆಸಿ ತರಿಸಿಕೊಂಡು, ಬಡ್ಡಿ ಯಾವುದಕ್ಕೆ ಕಟ್ಟಿದೆ, ಮುಂದಿನ ಪರಿಷ್ಕರಣೆ ಯಾವತ್ತು, ಉಳಿದ ಕಂತುಗಳೆಷ್ಟು ಎಂದು ನೋಡಿ. ಎಂಸಿಎಲ್‌ಆರ್ ಸಾಲವಾಗಿದ್ದರೆ ರೆಪೊ ಆಧಾರಿತ ದರಕ್ಕೆ ಬದಲಾಯಿಸಿಕೊಳ್ಳಲು ಬರುತ್ತದೆ. ಅದಕ್ಕೆ ತಗಲುವ ಖರ್ಚನ್ನು ಮೊದಲೇ ಕೇಳಿಕೊಳ್ಳಿ. ಅಂದಹಾಗೆ, ಅದೇ ಡಿಸೆಂಬರ್‌ನಲ್ಲಿ ನಿಮ್ಮೂರಿನ ನಿವೃತ್ತ ಮೇಷ್ಟ್ರೊಬ್ಬರು ಠೇವಣಿ ನವೀಕರಿಸಲು ಹೋಗಿದ್ದರೆ ಅವರಿಗೆ ಈ ಇಳಿಕೆ ಶುಭಸುದ್ದಿಯಾಗಿ ಕಂಡಿರುವುದಿಲ್ಲ. ತರಗತಿಯಲ್ಲಿ ಅವರ ಪರವಾಗಿ ಯಾರೂ ಮಾತಾಡಿರಲಾರರು.

ಇನ್ನು ಮರೆವಿನ ವಿಚಾರ. ದಿನಕ್ಕೆ ಇಪ್ಪತ್ತು ಶೀರ್ಷಿಕೆಗಳನ್ನು ಓದಿದರೆ ಯಾರಿಗಾದರೂ ಮರೆಯುತ್ತದೆ. ನಿಂತುಕೊಂಡು, ಒಂದು ಕೈಯಲ್ಲಿ ಕಂಬಿ ಹಿಡಿದು ಓದಿದರೆ ಇನ್ನೂ ಬೇಗ ಮರೆಯುತ್ತದೆ. ಇನ್ನೂರು ಪುಟದ ಒಂದು ಲಾಂಗ್ ಬುಕ್ ಕೊಳ್ಳಿ. ವಾರಕ್ಕೆ ಎರಡೇ ಸುದ್ದಿಯನ್ನು ಆರಿಸಿ, ಎಡಪುಟದಲ್ಲಿ ತಾರೀಖು ಹಾಕಿ, ಏನಾಯಿತು ಎಂಬುದರ ಜೊತೆಗೆ ಮುಂದೆ ಏನಾಗಬಹುದೆಂದು ನಿಮಗೆ ಅನ್ನಿಸಿದ್ದನ್ನೂ ಬರೆಯಿರಿ. ಬಲಪುಟವನ್ನು ಖಾಲಿ ಬಿಡಿ. ತಿಂಗಳು, ಆರು ತಿಂಗಳು ಕಳೆದ ಮೇಲೆ ಅದೇ ಸುದ್ದಿಯ ಮುಂದಿನ ಭಾಗ ಬಂದಾಗ ಬಲಪುಟ ತುಂಬಲಿ. ನನ್ನ ಹತ್ತಿರ ಅಂಥ ಪುಸ್ತಕಗಳು ಕೆಲವಿವೆ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿಯ ನೋಟುಗಳು ರದ್ದಾದ ಮೇಲೆ, ಶಾಖೆಯ ಮುಂದಿನ ಸಾಲು ಕರಗುವವರೆಗೆ ನಿಂತು ಕೆಲಸ ಮಾಡಿ ಮನೆಗೆ ಬಂದು, ‘ಕನಿಷ್ಠ ಎರಡು ಲಕ್ಷ ಕೋಟಿ ರೂಪಾಯಿಯ ನೋಟು ವಾಪಸ್ ಬರುವುದಿಲ್ಲ’ ಎಂದು ಎಡಪುಟದಲ್ಲಿ ಬರೆದಿದ್ದೆ. 2018ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕಿನ ವಾರ್ಷಿಕ ವರದಿ ಬಂತು: ಚಲಾವಣೆಯಲ್ಲಿದ್ದ 15.41 ಲಕ್ಷ ಕೋಟಿಯಲ್ಲಿ 15.31 ಲಕ್ಷ ಕೋಟಿ ವಾಪಸ್ ಬಂದಿತ್ತು. ಬಲಪುಟದಲ್ಲಿ ಆ ಅಂಕಿಯನ್ನು ಕೆಂಪು ಶಾಯಿಯಲ್ಲಿ ಬರೆದುಕೊಂಡೆ. ಬ್ಯಾಂಕಿನಲ್ಲೇ ಕುಳಿತು, ನೋಟುಗಳನ್ನು ನನ್ನ ಕೈಯಾರೆ ಎಣಿಸಿಯೂ ನನ್ನ ಅಂದಾಜು ಅಷ್ಟು ತಪ್ಪಿತ್ತು.

ಪ್ರಶ್ನೆ: ನಮ್ಮ ಗ್ರೂಪ್ ಡಿಸ್ಕಷನ್‌ನಲ್ಲಿ ಜಿಎಸ್‌ಟಿ ಇಳಿಕೆಯ ವಿಷಯ ಬಂತು. ತೆರಿಗೆ ಇಳಿದರೆ ಬೆಲೆ ಇಳಿಯುತ್ತದೆ ಎಂದು ನಾನು ವಾದಿಸಿದೆ. ಎದುರಿಗಿದ್ದವನು ‘ಎಲ್ಲವನ್ನೂ ಕಂಪನಿಗಳೇ ನುಂಗುತ್ತವೆ’ ಎಂದ. ಅವನಿಗೇ ಹೆಚ್ಚು ಅಂಕ ಬಂತು. ಯಾರದು ಸರಿ? – ಮೈಸೂರು

ಉತ್ತರ: ಯಾವ ತಿಂಗಳಲ್ಲಿ ಈ ಚರ್ಚೆ ನಡೆಯಿತು ಎಂಬುದನ್ನು ನೀವು ಬರೆದಿಲ್ಲ. ಅದನ್ನು ತಿಳಿಯದೆ ತೀರ್ಪು ಕೊಡುವುದು ಕಷ್ಟ. ಏಕೆಂದು ತುಪ್ಪದ ಉದಾಹರಣೆಯಿಂದ ಹೇಳುತ್ತೇನೆ.

2025ರ ಸೆಪ್ಟೆಂಬರ್ 22ರಿಂದ ಶೇ 12 ಮತ್ತು 28ರ ಹಂತಗಳಲ್ಲಿದ್ದ ಬಹುಪಾಲು ವಸ್ತುಗಳು 5 ಅಥವಾ 18ಕ್ಕೆ ಬಂದವು; ತುಪ್ಪ 12ರಿಂದ 5ಕ್ಕೆ ಇಳಿಯಿತು. ಅದೇ ದಿನ ನಂದಿನಿ ತುಪ್ಪದ ಬೆಲೆ ಲೀಟರಿಗೆ 650ರಿಂದ 610 ರೂಪಾಯಿ ಆಯಿತು. ಈಗ ಪೆನ್ಸಿಲ್ ಹಿಡಿಯಿರಿ. 650ನ್ನು 1.12ರಿಂದ ಭಾಗಿಸಿದರೆ ತೆರಿಗೆ ಕಳೆದ ಬೆಲೆ 580 ರೂಪಾಯಿ 36 ಪೈಸೆ. ಅದಕ್ಕೆ ಶೇ 5 ಸೇರಿಸಿದರೆ 609 ರೂಪಾಯಿ 38 ಪೈಸೆ. ಅಂದರೆ ಇಳಿದ ತೆರಿಗೆ ಹೆಚ್ಚುಕಡಿಮೆ ಪೈಸೆ ಸಮೇತ ಕೊಳ್ಳುವವರಿಗೆ ತಲುಪಿದೆ. ಆ ವಾರ ನಿಮ್ಮ ಚರ್ಚೆ ನಡೆದಿದ್ದರೆ ನೀವೇ ಗೆದ್ದಿರಿ.

ನವೆಂಬರ್ ಮೊದಲ ವಾರ ಅದೇ ತುಪ್ಪ 610ರಿಂದ 700ಕ್ಕೆ ಏರಿತು. 700ನ್ನು 1.05ರಿಂದ ಭಾಗಿಸಿ: 666 ರೂಪಾಯಿ 67 ಪೈಸೆ. ತೆರಿಗೆಯ ಪಾಲು ಲೀಟರಿಗೆ ಸುಮಾರು 70 ರೂಪಾಯಿಯಿಂದ 33ಕ್ಕೆ ಇಳಿದೇ ಇದೆ. ತೆರಿಗೆ ಕಳೆದ ಬೆಲೆ ಮಾತ್ರ 86 ರೂಪಾಯಿ ಹೆಚ್ಚಿದೆ. ತೆರಿಗೆಯನ್ನು ಜಿಎಸ್‌ಟಿ ಮಂಡಳಿ ನಿಗದಿ ಮಾಡಿತು, ಬೆಲೆಯನ್ನು ಹಾಲು ಮಹಾಮಂಡಳಿ ನಿಗದಿ ಮಾಡಿತು. ಎರಡು ಬೇರೆ ಕೈಗಳು, ಎರಡು ಬೇರೆ ಕಾರಣಗಳು. ‘ಕಂಪನಿ ನುಂಗಿತು’ ಎಂಬ ಮಾತು ಇಲ್ಲಿ ಹೊಂದುವುದಿಲ್ಲ. ನುಂಗುವುದೆಂದರೆ ಸೆಪ್ಟೆಂಬರ್ 22ರಂದು ಬೆಲೆಯನ್ನು 650ರಲ್ಲೇ ಉಳಿಸಿಕೊಂಡು ಲೀಟರಿಗೆ 38 ರೂಪಾಯಿ ಚಿಲ್ಲರೆಯನ್ನು ಸುಮ್ಮನೆ ಜೇಬಿಗೆ ಹಾಕಿಕೊಳ್ಳುವುದು. ಹಾಗೆ ಮಾಡಿದವರ ಮೇಲೆ ದೂರು ಕೊಡಲು 2017ರಿಂದ ಒಂದು ವ್ಯವಸ್ಥೆ ಇತ್ತು. 2025ರ ಏಪ್ರಿಲ್ 1ರಿಂದ ಅಲ್ಲಿ ಹೊಸ ದೂರುಗಳನ್ನು ತೆಗೆದುಕೊಳ್ಳುವುದು ನಿಂತಿದೆ. ನಿಮ್ಮ ಎದುರಾಳಿ ಈ ಒಂದು ಅಂಶವನ್ನು ಹೇಳಿದ್ದರೆ ಅವನಿಗೆ ಬಂದ ಅಂಕ ನ್ಯಾಯವಾದದ್ದು ಎನ್ನುತ್ತಿದ್ದೆ. ಬರೀ ಜೋರಾಗಿ ಹೇಳಿದ್ದಕ್ಕೆ ಬಂದಿದ್ದರೆ, ಗ್ರೂಪ್ ಡಿಸ್ಕಷನ್ನಿನ ಅಂಕಗಳ ಬಗ್ಗೆ ನನಗೆ ಮೊದಲಿನಿಂದಲೂ ಅಷ್ಟೇನೂ ಗೌರವವಿಲ್ಲ.

ವಿಮೆಯ ವಿಷಯವನ್ನೂ ಇದೇ ರೀತಿ ಬಿಡಿಸಿ ನೋಡಿ. ವೈಯಕ್ತಿಕ ಜೀವ ಮತ್ತು ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇ 18ರ ತೆರಿಗೆ ಅದೇ ದಿನ ಪೂರ್ತಿ ಹೋಯಿತು. ಆದರೆ ತೆರಿಗೆಯೇ ಇಲ್ಲದ ಸೇವೆಗೆ ವಿಮಾ ಕಂಪನಿ ತಾನು ಬೇರೆಡೆ ಕಟ್ಟಿದ ತೆರಿಗೆಯನ್ನು ಕಳೆದುಕೊಳ್ಳುವ ಸೌಲಭ್ಯವೂ ಇರುವುದಿಲ್ಲ. ಆ ಹೊರೆಯನ್ನು ಯಾರು ಹೊತ್ತರು ಎಂದು ತಿಳಿಯಬೇಕಾದರೆ ನಿಮ್ಮ ಮನೆಯ ಪಾಲಿಸಿಯ ಎರಡು ವರ್ಷದ ರಸೀದಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಪ್ರಶ್ನೆ: ವ್ಯವಹಾರದ ಸುದ್ದಿಗೆ ಕನ್ನಡ ಪತ್ರಿಕೆ ಸಾಕೇ, ಇಂಗ್ಲಿಷ್ ಪತ್ರಿಕೆಯೇ ಬೇಕೇ? – ಕಲಬುರಗಿ

ಉತ್ತರ: ಪರೀಕ್ಷೆಯೂ ಸಂದರ್ಶನವೂ ಇಂಗ್ಲಿಷಿನಲ್ಲಿರುವವರೆಗೆ ಇಂಗ್ಲಿಷ್ ಪತ್ರಿಕೆ ಬೇಕು. ಓದಿದ್ದು ಅರ್ಥವಾಯಿತೇ ಎಂದು ಪರೀಕ್ಷಿಸಿಕೊಳ್ಳಲು ಕನ್ನಡ ಬೇಕು: ಸುದ್ದಿಯನ್ನು ರಾತ್ರಿ ಊಟದ ಹೊತ್ತಿಗೆ ಮನೆಯವರಿಗೆ ಕನ್ನಡದಲ್ಲಿ ಹೇಳಿ ನೋಡಿ, ಎಲ್ಲಿ ತಡವರಿಸುತ್ತೀರೋ ಅಲ್ಲಿ ನಿಮಗೇ ತಿಳಿದಿಲ್ಲ ಎಂದರ್ಥ.

ಪ್ರಶ್ನೆ: ನನ್ನ ಮಗ ಎಂ.ಬಿ.ಎ. ಮೊದಲ ವರ್ಷದಲ್ಲಿದ್ದಾನೆ. ಏಳು ಲಕ್ಷ ರೂಪಾಯಿಯ ಶಿಕ್ಷಣ ಸಾಲ ತೆಗೆದಿದ್ದೇವೆ. ದೊಡ್ಡ ದೊಡ್ಡ ಕಂಪನಿಗಳೇ ಸಾವಿರಾರು ಜನರನ್ನು ತೆಗೆಯುತ್ತಿರುವ ಸುದ್ದಿ ಓದಿ ನಿದ್ದೆ ಬರುತ್ತಿಲ್ಲ. ಓದು ಬಿಟ್ಟು ಬಂದು ತೋಟ ನೋಡಿಕೊಳ್ಳಲಿ ಎನ್ನಲೇ? – ಸಕಲೇಶಪುರ

ಉತ್ತರ: ಬೇಡಿ. 2025ರ ಜುಲೈಯಲ್ಲಿ ಟಿಸಿಎಸ್ 12,000ಕ್ಕೂ ಹೆಚ್ಚು ಜನರನ್ನು ತೆಗೆಯುವುದಾಗಿ ಹೇಳಿದ್ದು ಎಲ್ಲ ಪತ್ರಿಕೆಗಳ ಮುಖಪುಟದಲ್ಲಿ ಬಂತು, ಬರಬೇಕಾದದ್ದೇ. ಆದರೆ ಆಗ ಆರು ಲಕ್ಷಕ್ಕೂ ಹೆಚ್ಚು ನೌಕರರಿದ್ದ ಆ ಸಂಸ್ಥೆಯಲ್ಲಿ ಅದು ಶೇ 2ರಷ್ಟು. ಹೆಚ್ಚಾಗಿ ಮಧ್ಯಮ ಮತ್ತು ಹಿರಿಯ ಹಂತದವರು ಎಂದು ಕಂಪನಿಯೇ ಹೇಳಿತ್ತು. ಆ ಕಷ್ಟ ಸಣ್ಣದಲ್ಲ, ಆದರೆ ಇನ್ನೂ ಮೊದಲ ಕೆಲಸ ಹುಡುಕಬೇಕಾದ ನಿಮ್ಮ ಮಗನ ಕಷ್ಟ ಬೇರೆ ಬಗೆಯದು.

ನೀವು ಈಗ ಮಾಡಬಹುದಾದದ್ದು ಸಾಲದ ಕಡೆ ಇದೆ. ಶಿಕ್ಷಣ ಸಾಲದಲ್ಲಿ ಮರುಪಾವತಿ ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷಕ್ಕೆ ಆರಂಭವಾಗುತ್ತದೆ, ಅಲ್ಲಿಯವರೆಗೆ ಸರಳ ಬಡ್ಡಿ ಸೇರುತ್ತಾ ಹೋಗುತ್ತದೆ. ಆ ಬಡ್ಡಿಯನ್ನಾದರೂ ತಿಂಗಳು ತಿಂಗಳು ಕಟ್ಟಿದರೆ ಕೊನೆಯಲ್ಲಿ ಕಂತು ಹಗುರಾಗುತ್ತದೆ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿ ಮೀರದಿದ್ದರೆ ಕೇಂದ್ರದ ಬಡ್ಡಿ ಸಹಾಯಧನಕ್ಕೆ ಮಗನ ಕಾಲೇಜು, ಕೋರ್ಸು ಅರ್ಹವೇ ಎಂದು ಶಾಖೆಯಲ್ಲಿ ಕೇಳಿ. ಇನ್ನು ತೋಟಕ್ಕೆ ಬಂದರೆ ಸುದ್ದಿಯಿಂದ ತಪ್ಪಿಸಿಕೊಂಡಂತಾಗುತ್ತದೆ ಎಂದು ನೀವೂ ನಂಬಿರಲಾರಿರಿ. ದೇಶದ ಕಾಫಿಯಲ್ಲಿ ಸುಮಾರು ಶೇ 70 ಬೆಳೆಯುವುದು ನಮ್ಮ ರಾಜ್ಯದಲ್ಲಿ, ಅದರ ಬೆಲೆ ಕುದುರುವುದು ಬ್ರೆಜಿಲಿನಲ್ಲಿ ಮಳೆ ಬಂತೋ ಇಲ್ಲವೋ ಎಂಬುದರ ಮೇಲೆ. ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಪ್ರಶ್ನೆ: ದೂರಶಿಕ್ಷಣದಲ್ಲಿ ಎಂ.ಬಿ.ಎ. ಮಾಡುತ್ತಿದ್ದೇನೆ. ಹಗಲು ಓದಿ, ಸಂಜೆ ಆರರಿಂದ ರಾತ್ರಿ ಹನ್ನೊಂದೂವರೆವರೆಗೆ ಬೈಕಿನಲ್ಲಿ ಊಟ ತಲುಪಿಸುವ ಕೆಲಸ ಮಾಡುತ್ತೇನೆ. ‘ಗಿಗ್ ಆರ್ಥಿಕತೆ’ಯ, ಅಂದರೆ ಕಾಯಂ ಸಂಬಳವಿಲ್ಲದೆ ಮಾಡಿದಷ್ಟು ಕೆಲಸಕ್ಕೆ ಹಣ ಪಡೆಯುವ ಇಂಥ ದುಡಿಮೆಯ ಮೇಲೆ ಅಸೈನ್‌ಮೆಂಟ್ ಬರೆಯಬೇಕು. ಪುಸ್ತಕದಲ್ಲಿ ಇರುವುದಕ್ಕೂ ನನ್ನ ದಿನಕ್ಕೂ ಸಂಬಂಧವೇ ಕಾಣುತ್ತಿಲ್ಲ. ನನ್ನ ಅನುಭವ ಬರೆದರೆ ಅಂಕ ಕೊಡುತ್ತಾರೆಯೇ? – ಬೆಂಗಳೂರು

ಉತ್ತರ: ಅನುಭವ ಎಂದು ಬರೆದರೆ ಕೊಡುವುದು ಅನುಮಾನ; ಲೆಕ್ಕ ಎಂದು ಬರೆದರೆ ಕೊಡಲೇಬೇಕಾಗುತ್ತದೆ. ಮೊದಲು ಕಾನೂನಿನ ಭಾಗವನ್ನು ಅರ್ಧ ಪುಟದಲ್ಲಿ ಮುಗಿಸಿ. ಇಂಥ ಕೆಲಸಗಾರರಿಗಾಗಿ ದೇಶದಲ್ಲಿ ಮೊದಲು ಕಾನೂನು ಮಾಡಿದ್ದು ರಾಜಸ್ಥಾನ, 2023ರಲ್ಲಿ. ಕರ್ನಾಟಕ 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ತಂದು, ಆಗಸ್ಟ್‌ನಲ್ಲಿ ವಿಧಾನಮಂಡಲದ ಒಪ್ಪಿಗೆ ಪಡೆಯಿತು. ಅದರಂತೆ ಕೆಲಸಗಾರರ ನೋಂದಣಿಗೆ ಕಲ್ಯಾಣ ಮಂಡಳಿ ಇರಬೇಕು, ಪ್ರತಿ ವಹಿವಾಟಿನಲ್ಲಿ ಕೆಲಸಗಾರನಿಗೆ ಸಲ್ಲುವ ಮೊತ್ತದ ಶೇ 1ರಿಂದ 5ರಷ್ಟನ್ನು ಕಂಪನಿ ಕಲ್ಯಾಣ ಶುಲ್ಕವಾಗಿ ಕಟ್ಟಬೇಕು, ಲಿಖಿತ ಕಾರಣವನ್ನೂ 14 ದಿನಗಳ ನೋಟಿಸನ್ನೂ ಕೊಡದೆ ಕೆಲಸದಿಂದ ತೆಗೆಯಬಾರದು. ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದ್ದು, ಅದರಲ್ಲಿ ಕಂಪನಿಯ ವಾರ್ಷಿಕ ವಹಿವಾಟಿನ ಶೇ 1ರಿಂದ 2ರಷ್ಟು ಎಂಬ ಬೇರೆಯೇ ಅಳತೆ ಇದೆ. ರಾಜ್ಯದ ಅಳತೆಯನ್ನು ಒಂದು ಉದಾಹರಣೆಯಿಂದ ತೋರಿಸಿ: ಒಂದು ಆರ್ಡರಿಗೆ ನಿಮಗೆ 40 ರೂಪಾಯಿ ಬಂದರೆ ಆ ಕಾನೂನಿನಂತೆ ಶುಲ್ಕ 40 ಪೈಸೆಯಿಂದ 2 ರೂಪಾಯಿಯವರೆಗೆ ಇರಬಹುದು. ಆ ಶುಲ್ಕವನ್ನು ಕಂಪನಿ ತಾನೇ ಹೊರುತ್ತದೆಯೇ, ಗ್ರಾಹಕರ ಬಿಲ್ಲಿಗೆ ಸೇರಿಸುತ್ತದೆಯೇ, ನಿಮ್ಮ 40ರಲ್ಲೇ ಮೆಲ್ಲಗೆ ಕಡಿಮೆ ಮಾಡುತ್ತದೆಯೇ ಎಂಬುದನ್ನು ಗ್ರಂಥಾಲಯದಲ್ಲಿ ಕುಳಿತವರು ಊಹಿಸಬೇಕು. ನೀವು ನಿಮ್ಮ ಫೋನಿನಲ್ಲಿ ವಾರವಾರವೂ ನೋಡಿ ಬರೆದುಕೊಳ್ಳಬಹುದು.

ಆಮೇಲೆ ಏಳು ದಿನದ ಲೆಕ್ಕ. ಮನೆ ಬಿಟ್ಟ ಹೊತ್ತು, ಮರಳಿದ ಹೊತ್ತು, ಆರ್ಡರುಗಳು, ಬಂದ ಹಣ, ಪೆಟ್ರೋಲು. ಹೋಟೆಲಿನ ಬಾಗಿಲಲ್ಲಿ ‘ಇನ್ನೈದು ನಿಮಿಷ, ಗುರೂ’ ಎನ್ನಿಸಿಕೊಂಡು ಕಾದ ನಿಮಿಷಗಳಿಗೆ ಬೇರೆ ಕಾಲಂ ಹಾಕಿ. ಹಣ ಸಿಗದ ಸಮಯ ಎಷ್ಟೆಂದು ಮೇಷ್ಟ್ರಿಗೆ ಕಾಣುವುದು ಅಲ್ಲೇ. ಬೈಕಿನ ಸರ್ವಿಸ್, ಟೈರು, ವಿಮೆ, ಮೊಬೈಲ್ ಡೇಟಾ ಇವುಗಳನ್ನು ವರ್ಷದ ಖರ್ಚಿನಿಂದ ವಾರಕ್ಕೆ ಹಂಚಿ. ಮ್ಯಾನೇಜ್‌ಮೆಂಟ್ ಅಕೌಂಟಿಂಗ್ ಪತ್ರಿಕೆಯಲ್ಲಿ ಓದಿದ ಸ್ಥಿರ ವೆಚ್ಚ, ಚಲ ವೆಚ್ಚ ಎಂಬ ವಿಂಗಡಣೆ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ಕೊನೆಯಲ್ಲಿ ಗಂಟೆಗೆ ನಿಜವಾಗಿ ಉಳಿದದ್ದೆಷ್ಟು ಎಂದು ಭಾಗಿಸಿ, ಆ ಅಂಕಿಯನ್ನು ಮೊದಲ ಪುಟದ ಮೊದಲ ಸಾಲಿನಲ್ಲೇ ಬರೆಯಿರಿ.

ಒಂದನ್ನು ಮಾತ್ರ ಮರೆಯಬೇಡಿ. ಊಟವನ್ನು ದೂರದ ಬಡಾವಣೆಯ ನಾಲ್ಕನೆಯ ಮಹಡಿಗೆ ಕೊಟ್ಟು, ಅಲ್ಲಿ ಬೇರೆ ಆರ್ಡರ್ ಸಿಗದೆ ಮತ್ತೆ ಹೋಟೆಲುಗಳಿರುವ ರಸ್ತೆಗೆ ಬರಿಗೈಯಲ್ಲಿ ವಾಪಸ್ ಬರುತ್ತೀರಲ್ಲ, ಆ ಕಿಲೋಮೀಟರುಗಳನ್ನು ನೀವೇ ಮೀಟರ್ ನೋಡಿ ಬರೆದುಕೊಳ್ಳಬೇಕು. ಆ ಖಾಲಿ ದಾರಿಯ ಪೆಟ್ರೋಲನ್ನು ಹಿಂದಿನ ಆರ್ಡರಿನ ಖರ್ಚಿಗೆ ಹಾಕಿದಿರೋ ಮುಂದಿನದಕ್ಕೆ ಹಾಕಿದಿರೋ, ಏಕೆಂದು ನನಗೂ ಒಂದು ಕಾಗದ ಬರೆಯಿರಿ.